ತೂಕದ ಚೀಟಿಯ ಮೇಲಿನ ತಾರೀಖು

ದಾವಣಗೆರೆಯಲ್ಲಿ ಕುಳಿತು ಸಣ್ಣ ವ್ಯಾಪಾರಸ್ಥರಿಗೆ ಮತ್ತು ಕಾಲೇಜು ಕಚೇರಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ನನ್ನಂಥವರ ಕೆಲಸದಲ್ಲಿ ಗಹನವಾದ ಗಣಿತ ಬರುವುದು ಅಪರೂಪ. ಬರುವುದೆಲ್ಲ ರಸೀದಿ, ಚೀಟಿ, ರಿಜಿಸ್ಟರ್ ಮತ್ತು ತಿಂಗಳ ವರದಿ. ಈ ಎಲ್ಲ ಕಾಗದಗಳಲ್ಲಿಯೂ ತಪ್ಪದೆ ಇರಬೇಕಾದದ್ದು ದಿನಾಂಕ ಮತ್ತು ಸಮಯ. ಮೊತ್ತ ತಪ್ಪಿದರೆ ಗಿರಾಕಿ ನಿಂತಲ್ಲಿಯೇ ಕೇಳುತ್ತಾನೆ. ತಾರೀಖು ತಪ್ಪಿದರೆ ಅದನ್ನು ಯಾರೂ ಕೂಡಲೇ ಗಮನಿಸುವುದಿಲ್ಲ, ವರ್ಷದ ಕೊನೆಯಲ್ಲಿ ಆಡಿಟ್ ನಡೆಯುವಾಗ ಅದು ಹೊರಬೀಳುತ್ತದೆ, ಅಷ್ಟು ಹೊತ್ತಿಗೆ ತಪ್ಪು ತಾರೀಖಿನ ಸಾವಿರಾರು ಚೀಟಿಗಳು ಊರೆಲ್ಲ ಹಂಚಿಹೋಗಿರುತ್ತವೆ. ಪ್ರೋಗ್ರಾಮಿಂಗ್ ಪುಸ್ತಕಗಳು ಅರ್ಧ ಪುಟದಲ್ಲಿ ಮುಗಿಸಿಬಿಡುವ ಈ ವಿಷಯದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕೆನ್ನಿಸಿದ್ದು ಈ ಕಾರಣಕ್ಕೆ.

ಪ್ರೋಗ್ರಾಮಿನೊಳಗೆ ಸಮಯ ಇರುವ ರೂಪ ಬೇರೆ, ಚೀಟಿಯ ಮೇಲೆ ಅದು ಕಾಣುವ ರೂಪ ಬೇರೆ. ಬಹುತೇಕ ವ್ಯವಸ್ಥೆಗಳು ಸಮಯವನ್ನು 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಇಲ್ಲಿಯವರೆಗೆ ಕಳೆದ ಸೆಕೆಂಡುಗಳ ಲೆಕ್ಕವಾಗಿ ಇಟ್ಟುಕೊಳ್ಳುತ್ತವೆ. ಆ ಸಂಖ್ಯೆಯಿಂದ ಮನುಷ್ಯರು ಓದಬಲ್ಲ ಅಕ್ಷರಗಳನ್ನು ಹೊರಡಿಸುವುದು ಫಾರ್ಮ್ಯಾಟಿಂಗ್, ಅಕ್ಷರಗಳಿಂದ ಮತ್ತೆ ಸಮಯವನ್ನು ಕಟ್ಟಿಕೊಳ್ಳುವುದು ಪಾರ್ಸಿಂಗ್. ಅಕ್ಷರವಾಗಿ ಹೊರಬಂದ ತಾರೀಖನ್ನೇ ನಿಜವಾದ ತಾರೀಖೆಂದು ನಂಬಿ, ಅದನ್ನೇ ವಿಂಗಡಿಸಿ, ಅದನ್ನೇ ಕೂಡಿಸಿ ಕಳೆದು, ಅದನ್ನೇ ಡೇಟಾಬೇಸಿಗೆ ತುಂಬಿದ ಕಡೆಯಲ್ಲೆಲ್ಲ ಒಂದಲ್ಲ ಒಂದು ದಿನ ತೊಂದರೆ ಕಾಣಿಸಿಕೊಳ್ಳುತ್ತದೆ ಎಂಬುದು ನನ್ನ ಅನುಭವದ ಅಭಿಪ್ರಾಯ. ದಿನ, ತಿಂಗಳು, ವರ್ಷ ಎಂಬ ನಮ್ಮ ಕ್ರಮದಲ್ಲಿ ಬರೆದ ಪಠ್ಯವನ್ನು ವಿಂಗಡಿಸಿದರೆ 01-12-2025 ಮೇಲೆ ಬರುತ್ತದೆ, 05-11-2025 ಅದರ ಕೆಳಗೆ ಬರುತ್ತದೆ. ಯಂತ್ರದ ದೃಷ್ಟಿಯಲ್ಲಿ ಅದು ಸರಿಯಾದ ಅಕ್ಷರಾನುಕ್ರಮವೇ ಆಗಿರುತ್ತದೆ.

ಮೆಕ್ಕೆಜೋಳದ ಸುಗ್ಗಿಯಲ್ಲಿ ಕೆಲಸ ಮಾಡುವ, ಲಾರಿಗಳನ್ನು ತೂಗುವ ವೇ ಬ್ರಿಡ್ಜ್ ಒಂದರ ಚೀಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕೆಎ 17 ಎಂದು ಶುರುವಾಗುವ ಲಾರಿ ನಂಬರ್, ಮಾಲಿನ ಹೆಸರು, ತುಂಬಿದ ಲಾರಿಯ ತೂಕ ಮತ್ತು ಅದರ ಸಮಯ, ಖಾಲಿ ಲಾರಿಯ ತೂಕ ಮತ್ತು ಅದರ ಸಮಯ, ಕೊನೆಯಲ್ಲಿ ನಿವ್ವಳ ತೂಕ: ಇಷ್ಟೇ ಆ ಚೀಟಿಯಲ್ಲಿರುವುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಸಮಯವನ್ನು ಮುದ್ರಿಸಲು ಬಳಸುವ ಸ್ಟ್ರ್‌ಎಫ್‌ಟೈಮ್ ಎಂಬ ಕಾರ್ಯ ಸಿ ಭಾಷೆಯಿಂದ ಬಂದದ್ದು. 1989ರ ಸಿ ಮಾನಕದಲ್ಲಿಯೇ ಅದು ಸೇರಿತ್ತು. ಶೇಕಡಾ ಚಿಹ್ನೆಯ ನಂತರ ಒಂದು ಇಂಗ್ಲಿಷ್ ಅಕ್ಷರವನ್ನಿಟ್ಟರೆ ಆ ಜಾಗದಲ್ಲಿ ದಿನವೋ ತಿಂಗಳೋ ಗಂಟೆಯೋ ಬಂದು ಕೂರುತ್ತದೆ. ಇಲ್ಲಿ ಸ್ಮಾಲ್ ಎಂ ಎಂದರೆ ತಿಂಗಳು, ಕ್ಯಾಪಿಟಲ್ ಎಂ ಎಂದರೆ ನಿಮಿಷ. ಜಾವಾ ಭಾಷೆಯಲ್ಲಿ ಇದು ಸರಿಯಾಗಿ ಉಲ್ಟಾ: ಎರಡು ಕ್ಯಾಪಿಟಲ್ ಎಂ ತಿಂಗಳು, ಎರಡು ಸ್ಮಾಲ್ ಎಂ ನಿಮಿಷ. ಡೇಟಾಬೇಸುಗಳ ಪೈಕಿ ಮೈಎಸ್‌ಕ್ಯುಎಲ್‌ನಲ್ಲಿ ಸ್ಮಾಲ್ ಎಂ ತಿಂಗಳ ಸಂಖ್ಯೆಯಾದರೆ ಕ್ಯಾಪಿಟಲ್ ಎಂ ತಿಂಗಳ ಪೂರ್ಣ ಹೆಸರು, ನಿಮಿಷಕ್ಕೆ ಸ್ಮಾಲ್ ಐ. ಪಿಎಚ್‌ಪಿ ಭಾಷೆಯಲ್ಲಿಯೂ ನಿಮಿಷಕ್ಕೆ ಐ ಅಕ್ಷರವೇ. ಡೇಟಾಬೇಸುಗಳಾದ ಒರಾಕಲ್ ಮತ್ತು ಪೋಸ್ಟ್‌ಗ್ರೆಸ್‌ಗಳಲ್ಲಿ ನಿಮಿಷಕ್ಕೆ ಎಂ ಮತ್ತು ಐ ಎರಡನ್ನೂ ಸೇರಿಸಿ ಬರೆಯಬೇಕು. ಒಂದೇ ದಿನ ಬೆಳಿಗ್ಗೆ ಡೇಟಾಬೇಸಿನ ಕ್ವೆರಿ, ಮಧ್ಯಾಹ್ನ ಜಾವಾ, ಸಂಜೆ ಪೈಥಾನ್ ಬರೆಯುವವರು ಇವನ್ನು ನೆನಪಿನಿಂದ ಬರೆಯಬಾರದು; ಆಯಾ ಭಾಷೆಯ ಕೈಪಿಡಿಯ ಕೋಷ್ಟಕವನ್ನು ತೆರೆದಿಟ್ಟುಕೊಂಡೇ ಬರೆಯಬೇಕು.

ನಿಮಿಷದ ಜಾಗದಲ್ಲಿ ತಿಂಗಳು ಕುಳಿತರೆ ಏನಾಗುತ್ತದೆ ಎಂಬುದನ್ನು ಸುಗ್ಗಿಯ ನವೆಂಬರಿನಲ್ಲಿ ನೋಡಬೇಕು. ಬೇರೊಬ್ಬರು ಬರೆದುಕೊಟ್ಟಿದ್ದ ತಂತ್ರಾಂಶವಿದ್ದ ಒಂದು ವೇ ಬ್ರಿಡ್ಜ್‌ನ ರಿಜಿಸ್ಟರನ್ನು ಅಲ್ಲಿಯ ಗುಮಾಸ್ತರು ನನ್ನ ಮುಂದೆ ಬಿಚ್ಚಿಟ್ಟು, “ನೋಡ್ರಿ ಸರ್, ಎಲ್ಲಾ ಲಾರೀನೂ ಹನ್ನೊಂದ್ ನಿಮಿಷಕ್ಕೇ ಬಂದಾವಲ್ರಿ” ಎಂದರು. ಬೆಳಗಿನ ಲಾರಿ 09:11ಕ್ಕೆ, ಅದರ ಹಿಂದೆ ಬಂದದ್ದು 10:11ಕ್ಕೆ, ಮಧ್ಯಾಹ್ನದ್ದು 14:11ಕ್ಕೆ. ತುಂಬಿದ ಲಾರಿ ತೂಗಿದ ಸಮಯವೂ 14:11, ಅದೇ ಲಾರಿ ಮಾಲು ಇಳಿಸಿ ಖಾಲಿಯಾಗಿ ತೂಗಿದ ಸಮಯವೂ 14:11. ಚೀಟಿಯನ್ನು ಒಂದೊಂದಾಗಿ ನೋಡಿದವರಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ, ಏಕೆಂದರೆ ಒಂಬತ್ತು ಗಂಟೆ ಹನ್ನೊಂದು ನಿಮಿಷ ಎಂಬುದು ಸಹಜವಾದ ಸಮಯವೇ. ಇಡೀ ಪುಟವನ್ನು ಮೇಲಿನಿಂದ ಕೆಳಗೆ ಓದಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಇದರ ಉಲ್ಟಾ ತಪ್ಪು, ಅಂದರೆ ಜಾವಾದಲ್ಲಿ ತಾರೀಖಿನ ನಡುವೆ ಸ್ಮಾಲ್ ಎಂ ಬರೆಯುವುದು, ಸ್ವಲ್ಪ ಬೇಗ ಸಿಕ್ಕಿಬೀಳುತ್ತದೆ: ಐದನೆಯ ತಾರೀಖಿನ ಚೀಟಿ 05-37-2025 ಎಂದು ಬಂದರೆ ಯಾರಾದರೂ ನಗುತ್ತಾರೆ. ಆದರೆ ಗಂಟೆ ಕಳೆದು ಒಂದರಿಂದ ಹನ್ನೆರಡು ನಿಮಿಷಗಳಾಗಿದ್ದಾಗ ಮುದ್ರಿಸಿ ಪರೀಕ್ಷಿಸಿದವರಿಗೆ ಅಲ್ಲಿಯೂ ಒಪ್ಪುವಂಥ ತಾರೀಖೇ ಕಾಣುತ್ತದೆ.

ಗಂಟೆಯ ವಿಷಯ ಇಷ್ಟು ತಮಾಷೆಯದಲ್ಲ, ಏಕೆಂದರೆ ಅಲ್ಲಿ ಜಗಳಗಳಾಗುತ್ತವೆ. ಸುಗ್ಗಿಯಲ್ಲಿ ರಾತ್ರಿಯಿಡೀ ಲಾರಿಗಳು ಬರುತ್ತವೆ. ರಾತ್ರಿ 11:50ಕ್ಕೆ ತುಂಬಿದ ತೂಕವಾಗಿ, ಮಾಲು ಇಳಿಸಿ 12:40ಕ್ಕೆ ಖಾಲಿ ತೂಕವಾಯಿತೆಂದುಕೊಳ್ಳಿ. ಹನ್ನೆರಡು ಗಂಟೆಗಳ ಪದ್ಧತಿಯಲ್ಲಿ ಎಎಂ, ಪಿಎಂ ಗುರುತಿಲ್ಲದೆ ಮುದ್ರಿಸಿದರೆ ಆ ಚೀಟಿ ಹಗಲಿನದೋ ರಾತ್ರಿಯದೋ ಎಂಬುದು ಶಾಶ್ವತವಾಗಿ ಕಳೆದುಹೋಗುತ್ತದೆ. ಚೀಟಿಗೆ ಒಂದೇ ತಾರೀಖು ಹಾಕಿದ್ದರೆ ಎರಡನೆಯ ತೂಕ ಮೊದಲನೆಯದಕ್ಕಿಂತ ಇಪ್ಪತ್ತಮೂರು ಗಂಟೆ ಹಿಂದೆ ನಡೆದಂತೆ ಕಾಣುತ್ತದೆ. ಪೈಥಾನಿನಲ್ಲಿ ಕ್ಯಾಪಿಟಲ್ ಎಚ್ ಇಪ್ಪತ್ತನಾಲ್ಕು ಗಂಟೆಗಳ ಪದ್ಧತಿಗೆ, ಕ್ಯಾಪಿಟಲ್ ಐ ಹನ್ನೆರಡು ಗಂಟೆಗಳ ಪದ್ಧತಿಗೆ, ಸ್ಮಾಲ್ ಪಿ ಎಎಂ ಪಿಎಂ ಗುರುತಿಗೆ. ಜಾವಾದಲ್ಲಿ ಕ್ಯಾಪಿಟಲ್ ಎಚ್ ಇಪ್ಪತ್ತನಾಲ್ಕಕ್ಕೆ, ಸ್ಮಾಲ್ ಎಚ್ ಹನ್ನೆರಡಕ್ಕೆ. ನಾನು ಚೀಟಿಗಳಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಪದ್ಧತಿಯನ್ನೇ ಇಟ್ಟು ಎರಡೂ ತೂಕಗಳಿಗೆ ಬೇರೆಬೇರೆ ತಾರೀಖು ಮುದ್ರಿಸುತ್ತೇನೆ. ಚಾಲಕರು ಅದನ್ನು ಓದಲಾರರೆಂಬ ವಾದವನ್ನು ನಾನು ಒಪ್ಪುವುದಿಲ್ಲ. ರೈಲಿನ ಟಿಕೆಟನ್ನು ಎಲ್ಲರೂ ಓದುತ್ತಾರೆ.

ವರ್ಷದ ಅಕ್ಷರದಲ್ಲಿ ಇರುವ ಬಲೆ ಇನ್ನೂ ಸೂಕ್ಷ್ಮ. ಜಾವಾದಲ್ಲಿ ನಾಲ್ಕು ಸ್ಮಾಲ್ ವೈ ಬರೆದರೆ ನಮಗೆ ಬೇಕಾದ ಕ್ಯಾಲೆಂಡರ್ ವರ್ಷ ಬರುತ್ತದೆ. ನಾಲ್ಕು ಕ್ಯಾಪಿಟಲ್ ವೈ ಬರೆದರೆ ವಾರಗಳ ಲೆಕ್ಕದ ವರ್ಷ ಬರುತ್ತದೆ. ವಾರಗಳಿಗೆ ಕ್ರಮಸಂಖ್ಯೆ ಕೊಟ್ಟು ಲೆಕ್ಕವಿಡುವ ಪದ್ಧತಿಯಲ್ಲಿ ಒಂದು ವಾರ ಎರಡು ವರ್ಷಗಳ ನಡುವೆ ಹಂಚಿಹೋಗಬಾರದು, ಹಾಗಾಗಿ ಆ ವಾರವನ್ನು ಪೂರ್ತಿಯಾಗಿ ಯಾವುದಾದರೊಂದು ವರ್ಷಕ್ಕೆ ಸೇರಿಸುತ್ತಾರೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್ಒದ ನಿಯಮದ ಪ್ರಕಾರ ವಾರ ಸೋಮವಾರ ಆರಂಭವಾಗಿ, ವರ್ಷದ ಮೊದಲ ಗುರುವಾರ ಇರುವ ವಾರವೇ ಮೊದಲ ವಾರವಾಗುತ್ತದೆ. 2026ರ ಜನವರಿ 1 ಗುರುವಾರ ಬಿದ್ದದ್ದರಿಂದ 2025ರ ಡಿಸೆಂಬರ್ 29ರ ಸೋಮವಾರ ಈ ಲೆಕ್ಕದಲ್ಲಿ 2026ಕ್ಕೆ ಸೇರುತ್ತದೆ, ಕ್ಯಾಪಿಟಲ್ ವೈ ಹಾಕಿದ ಚೀಟಿ 29-12-2026 ಎಂದು ಹೊರಬರುತ್ತದೆ. ಆ ವರ್ಷದ ಉಳಿದ ದಿನಗಳಲ್ಲಿ ಎಲ್ಲವೂ ಸರಿಯಾಗಿದ್ದು, ಕೊನೆಯ ಕೆಲವು ದಿನಗಳಲ್ಲಿ ಮಾತ್ರ ಒಂದು ವರ್ಷ ಮುಂದೆ ಹೋಗುವ ಈ ದೋಷವನ್ನು ಜೂನ್ ತಿಂಗಳ ಯಾವ ಪರೀಕ್ಷೆಯೂ ಹಿಡಿಯಲಾರದು. ಪೈಥಾನಿನಲ್ಲಿ ಇದೇ ವಾರದ ವರ್ಷಕ್ಕೆ ಕ್ಯಾಪಿಟಲ್ ಜಿ ಎಂಬ ಬೇರೆಯೇ ಅಕ್ಷರವಿದ್ದು, ಕ್ಯಾಪಿಟಲ್ ವೈ ಎಂದರೆ ಸಾಮಾನ್ಯ ವರ್ಷವೇ ಆಗಿದೆ. ಪೈಥಾನಿನಿಂದ ಜಾವಾಗೆ ಹೋದವರು ಎಡವುವುದು ಬಹುಪಾಲು ಇಲ್ಲಿಯೇ.

ಗೋ ಭಾಷೆಯವರು ಈ ಅಕ್ಷರಗಳ ಗೊಂದಲವೇ ಬೇಡವೆಂದು 2006ರ ಜನವರಿ 2, ಮಧ್ಯಾಹ್ನ 3 ಗಂಟೆ 4 ನಿಮಿಷ 5 ಸೆಕೆಂಡು ಎಂಬ ಒಂದು ಮಾದರಿ ಸಮಯವನ್ನು ನಿಗದಿ ಮಾಡಿದ್ದಾರೆ. ಆ ಸಮಯವನ್ನು ನಮಗೆ ಬೇಕಾದ ರೂಪದಲ್ಲಿ ಬರೆದು ತೋರಿಸಿದರೆ ಉಳಿದ ಸಮಯಗಳೂ ಅದೇ ರೂಪದಲ್ಲಿ ಮುದ್ರಣವಾಗುತ್ತವೆ. ತಿಂಗಳು 1, ದಿನ 2, ಗಂಟೆ 3, ನಿಮಿಷ 4, ಸೆಕೆಂಡು 5, ವರ್ಷ 6 ಎಂಬ ಈ ಕ್ರಮ ಅಮೆರಿಕದವರ ಬರವಣಿಗೆಗೆ ಹೊಂದುವಂಥದ್ದು. ದಿನವನ್ನು ಮೊದಲು ಬರೆಯುವ ನಾವು ಅಭ್ಯಾಸಬಲದಿಂದ 01-02-2006 ಎಂದು ಮಾದರಿ ಕೊಟ್ಟರೆ ತಿಂಗಳು ಮುಂದೆ ಬಂದು ದಿನ ಹಿಂದೆ ಹೋಗುತ್ತದೆ. 02-01-2006 ಎಂದು ಬರೆಯಬೇಕು. ಜಾಣ ಯೋಜನೆಯೇ, ಆದರೆ ನನಗೆ ಇಷ್ಟವಾಗಿಲ್ಲ.

ಮುದ್ರಿಸುವುದಕ್ಕಿಂತ ಓದಿಕೊಳ್ಳುವುದು ಹೆಚ್ಚು ಅಪಾಯದ ಕೆಲಸ. ಪಿಎಚ್‌ಪಿಯ ಸ್ಟ್ರ್‌ಟುಟೈಮ್ ಕಾರ್ಯಕ್ಕೆ 04/05/2025 ಎಂದು ಓರೆಗೆರೆ ಹಾಕಿ ಕೊಟ್ಟರೆ ಅದು ಅಮೆರಿಕದ ಕ್ರಮವೆಂದು ತಿಳಿದು ಏಪ್ರಿಲ್ 5 ಎನ್ನುತ್ತದೆ. 04-05-2025 ಎಂದು ಅಡ್ಡಗೆರೆ ಹಾಕಿ ಕೊಟ್ಟರೆ ಮೇ 4 ಎನ್ನುತ್ತದೆ. ಇದು ಕೈಪಿಡಿಯಲ್ಲಿ ಬರೆದಿಟ್ಟ ನಿಯಮವೇ ಆದರೂ ಅರ್ಜಿ ತುಂಬುವವರು ಯಾವ ಗೆರೆ ಎಳೆಯುತ್ತಾರೆಂಬುದು ನಮ್ಮ ಕೈಯಲ್ಲಿಲ್ಲ. ಕಾಲೇಜು ಕಚೇರಿಗಳಲ್ಲಿ ಎಕ್ಸೆಲ್ ಇನ್ನೊಂದು ರೀತಿಯ ಹಾನಿ ಮಾಡುತ್ತದೆ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದೇ ಉಳಿದಿದ್ದರೆ, ದಿನ ಮೊದಲಾಗಿ ಬರೆದ ತಾರೀಖುಗಳ ಸಿಎಸ್‌ವಿ ಕಡತವನ್ನು, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರೀ ಪಠ್ಯದ ಕಡತವನ್ನು, ತೆರೆದಾಗ ದಿನ ಹನ್ನೆರಡರೊಳಗೆ ಇರುವ ತಾರೀಖುಗಳೆಲ್ಲ ದಿನ-ತಿಂಗಳು ಅದಲುಬದಲಾಗಿ ಎಕ್ಸೆಲ್ ಒಪ್ಪುವ ತಾರೀಖುಗಳಾಗುತ್ತವೆ, ಹದಿಮೂರು ಮತ್ತು ಅದರ ಮೇಲಿನವು ತಾರೀಖೇ ಅಲ್ಲವೆಂದು ಬರೀ ಪಠ್ಯವಾಗಿ ಉಳಿಯುತ್ತವೆ. ಕಣ್ಣಿಟ್ಟು ನೋಡಿದರೆ ಇದು ಪರದೆಯ ಮೇಲೆಯೇ ಕಾಣುತ್ತದೆ: ಒಂದೇ ಕಾಲಮ್ಮಿನಲ್ಲಿ ಕೆಲವು ತಾರೀಖುಗಳು ಬಲಗಡೆಗೆ ಒತ್ತಿಕೊಂಡಿರುತ್ತವೆ, ಕೆಲವು ಎಡಗಡೆಗೆ. ಬಲಗಡೆಗೆ ಒತ್ತಿಕೊಂಡ, ನೋಡಲು ಸರಿಯಾಗಿರುವ ತಾರೀಖುಗಳೇ ಕೆಟ್ಟುಹೋದವು. ಎಡಗಡೆ ಉಳಿದವು ಇದ್ದಂತೆಯೇ ಇರುತ್ತವೆ. ಆ ಕಡತವನ್ನು ಹಾಗೆಯೇ ಉಳಿಸಿ ಮುಚ್ಚಿಬಿಟ್ಟರೆ ಯಾವುದು ಮೂಲ, ಯಾವುದು ಬದಲಾದದ್ದು ಎಂದು ಬೇರೆ ಮಾಡುವುದು ಬಹಳ ಕಷ್ಟ.

ಎರಡೇ ಅಂಕಿಯ ವರ್ಷವನ್ನು ಸ್ವೀಕರಿಸಬಾರದೆಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ, ಅರ್ಜಿಯ ನಮೂನೆಗಳಲ್ಲಿ ಮಾತ್ರ ಅದು ಇಂದಿಗೂ ಉಳಿದುಕೊಂಡಿದೆ. ಪೈಥಾನ್ 69ರಿಂದ 99ರವರೆಗಿನ ಅಂಕಿಗಳನ್ನು ಹತ್ತೊಂಬತ್ತು ನೂರರ ವರ್ಷಗಳೆಂದೂ 00ರಿಂದ 68ರವರೆಗಿನವನ್ನು ಎರಡು ಸಾವಿರದವೆಂದೂ ಓದುತ್ತದೆ. ಹಳೆಯ ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತರಾದ, 55ರಲ್ಲಿ ಹುಟ್ಟಿದ ಕಾರ್ಮಿಕರೊಬ್ಬರ ವಿವರ ಇಂಥ ಪ್ರೋಗ್ರಾಮಿನೊಳಗೆ ಹೋದರೆ ಅವರು 2055ರಲ್ಲಿ ಹುಟ್ಟಲಿರುವವರಾಗುತ್ತಾರೆ.

ಇನ್ನು ಸಮಯವಲಯ. ಭಾರತೀಯ ಸಮಯ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿದೆ, ಬಾಡಿಗೆಗೆ ಪಡೆದ ಸರ್ವರುಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಗ್ರೀನಿಚ್ಚಿನ ಸಮಯಕ್ಕೆ ಸಮನಾದ ಜಾಗತಿಕ ಸಮಯದಲ್ಲಿ, ನಡೆಯುತ್ತವೆ. ಸರ್ವರಿನಲ್ಲಿ ‘ಇವತ್ತಿನ ತಾರೀಖು’ ಕೇಳಿ ದಿನದ ವರದಿ ತೆಗೆದರೆ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆಯೊಳಗೆ ತೂಗಿದ ಲಾರಿಗಳೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತವೆ. ಅಂಗಡಿ ಹತ್ತಕ್ಕೆ ತೆರೆದು ಒಂಬತ್ತಕ್ಕೆ ಮುಚ್ಚುವ ವ್ಯಾಪಾರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ರಾತ್ರಿ ಕೆಲಸ ಇರುವವರಿಗೆ ಮಾತ್ರ ಪ್ರತಿದಿನ ಲೆಕ್ಕ ತಾಳೆಯಾಗುವುದಿಲ್ಲ. ತಾರೀಖು ಖಾಲಿ ಇರಬೇಕಾದ ಕಡೆ 01-01-1970 05:30 ಎಂದು ಮುದ್ರಣವಾಗಿದ್ದರೆ ಅದಕ್ಕೂ ಇದೇ ಐದೂವರೆ ಗಂಟೆ ಕಾರಣ: ಒಳಗೆ ಇದ್ದದ್ದು ಸೊನ್ನೆ ಎಂಬ ಸಂಖ್ಯೆ, ಅದನ್ನು ನಮ್ಮ ಸಮಯಕ್ಕೆ ಬದಲಿಸಿ ತೋರಿಸಲಾಗಿದೆ ಅಷ್ಟೆ.

ಪೈಥಾನಿನ ಹಳೆಯ ಪೈಟಿಜ಼ಡ್ ಗ್ರಂಥಾಲಯದಲ್ಲಿ, ಅಂದರೆ ಸಮಯವಲಯಗಳಿಗಾಗಿ ಬರೆದಿಟ್ಟ ಸಿದ್ಧ ಕೋಡಿನ ಸಂಗ್ರಹದಲ್ಲಿ, ಇನ್ನೊಂದು ವಿಚಿತ್ರವಿತ್ತು. ಭಾರತೀಯ ಸಮಯಕ್ಕೆ ಅಲ್ಲಿರುವ ಹೆಸರಾದ ಕೋಲ್ಕತ್ತ ವಲಯವನ್ನು ಡೇಟ್‌ಟೈಮ್ ರಚಿಸುವಾಗಲೇ ನೇರವಾಗಿ ಕೊಟ್ಟುಬಿಟ್ಟರೆ ವ್ಯತ್ಯಾಸ ಐದೂವರೆ ಗಂಟೆ ಆಗುವ ಬದಲು 5 ಗಂಟೆ 53 ನಿಮಿಷ ಆಗುತ್ತಿತ್ತು. ರೈಲು, ತಂತಿಗಳ ಕಾಲಕ್ಕೆ ಮೊದಲು ಪ್ರತಿ ಊರೂ ತನ್ನ ನೆತ್ತಿಯ ಮೇಲಿನ ಸೂರ್ಯನಿಂದಲೇ ಗಂಟೆ ಲೆಕ್ಕ ಹಾಕುತ್ತಿದ್ದಾಗಿನ ಕಲ್ಕತ್ತೆಯ ಸ್ಥಳೀಯ ಸಮಯ ಅದು, ಸಮಯವಲಯಗಳ ದತ್ತಾಂಶದಲ್ಲಿ ಮೊದಲ ಸಾಲಾಗಿ ಕುಳಿತಿರುತ್ತದೆ. ಲೋಕಲೈಜ಼್ ಎಂಬ ಕಾರ್ಯದ ಮೂಲಕ ಹೋದರೆ ಮಾತ್ರ ಸರಿಯಾಗುತ್ತಿತ್ತು. 2020ರಲ್ಲಿ ಬಂದ ಪೈಥಾನ್ 3.9ರ ಜ಼ೋನ್‌ಇನ್ಫೊ ಈ ತೊಡಕನ್ನು ನಿವಾರಿಸಿತು, ಹೊಸ ಕೆಲಸಕ್ಕೆ ಅದನ್ನೇ ಬಳಸಬೇಕು. ಅಂದಹಾಗೆ ಭಾರತೀಯ ಸಮಯದ ಆಧಾರರೇಖೆ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶ. ದಾವಣಗೆರೆ ಸುಮಾರು 76 ಡಿಗ್ರಿಯಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಸರಾಸರಿ 26 ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ. ನಮ್ಮ ಊರಿನ ಸ್ಥಳೀಯ ಸಮಯವನ್ನು ಯಾವ ಗ್ರಂಥಾಲಯವೂ ಹೊತ್ತುಕೊಂಡಿಲ್ಲವೆಂಬುದು ಸದ್ಯಕ್ಕೆ ನೆಮ್ಮದಿಯ ಸಂಗತಿ.

ಎಲ್ಲ ತಾರೀಖಿಗೂ ಸಮಯವಲಯ ಬೇಕೆಂದು ಹೇಳಿಕೊಡುವುದೂ ತಪ್ಪೇ. ಲಾರಿ ತೂಗಿದ್ದು ಒಂದು ಕ್ಷಣ, ಅದಕ್ಕೆ ವಲಯ ಬೇಕು. ಹುಟ್ಟಿದ ದಿನಾಂಕ, ಶುಲ್ಕ ಕಟ್ಟಲು ಕೊನೆಯ ದಿನಾಂಕ, ಆರ್ಥಿಕ ವರ್ಷ ಶುರುವಾಗುವ ಏಪ್ರಿಲ್ 1: ಇವು ಕ್ಷಣಗಳಲ್ಲ, ಕ್ಯಾಲೆಂಡರಿನ ಚೌಕಗಳು. ಜಾವಾಸ್ಕ್ರಿಪ್ಟಿನ ಡೇಟ್‌ಗೆ ಈ ಭೇದ ಗೊತ್ತಿಲ್ಲ. ಪ್ರವೇಶದ ಅರ್ಜಿಯಲ್ಲಿ ವಿದ್ಯಾರ್ಥಿನಿ ಕ್ಯಾಲೆಂಡರಿನಿಂದ 2007ರ ಜೂನ್ 1 ಆರಿಸಿದಾಗ, ಅರ್ಜಿಯಲ್ಲಿ ಬಳಸಿದ ಕ್ಯಾಲೆಂಡರ್ ವಿಜೆಟ್ ಅದನ್ನು ಆ ದಿನದ ಭಾರತೀಯ ಮಧ್ಯರಾತ್ರಿ ಎಂದು ಇಟ್ಟುಕೊಂಡರೆ, ಸರ್ವರಿಗೆ ಕಳಿಸುವಾಗ ಅದು ಐಎಸ್ಒ ರೂಪದಲ್ಲಿ 2007-05-31, 18:30 ಯುಟಿಸಿ ಎಂದಾಗುತ್ತದೆ. ಸರ್ವರಿನಲ್ಲಿ ಯಾರೋ ಮೊದಲ ಹತ್ತು ಅಕ್ಷರಗಳನ್ನಷ್ಟೇ ಕತ್ತರಿಸಿ ಉಳಿಸಿಕೊಳ್ಳುತ್ತಾರೆ, ಹುಡುಗಿ ಮೇ 31ರಂದು ಹುಟ್ಟಿದವಳಾಗುತ್ತಾಳೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆ ತಾಳೆಯಾಗುವುದಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1ನ್ನೇ ಜನ್ಮದಿನವಾಗಿ ಹೊತ್ತವರು ನಮ್ಮ ಸೀಮೆಯಲ್ಲಿ ಕಡಿಮೆಯೇನಿಲ್ಲ, ಹಾಗಾಗಿ ಈ ದೋಷ ಇಲ್ಲಿ ಒಂದು ತಿಂಗಳನ್ನೇ ಬದಲಿಸುವ ಸಾಧ್ಯತೆ ಬೇರೆಡೆಗಿಂತ ಹೆಚ್ಚು. ಪೈಥಾನಿನಲ್ಲಿ ಡೇಟ್ ಮತ್ತು ಡೇಟ್‌ಟೈಮ್ ಬೇರೆಬೇರೆ. ಜಾವಾದಲ್ಲಿ 2014ರ ಎಂಟನೆಯ ಆವೃತ್ತಿಯಿಂದ ಲೋಕಲ್‌ಡೇಟ್ ಮತ್ತು ಇನ್ಸ್‌ಟಂಟ್ ಬೇರೆಬೇರೆ. ಡೇಟಾಬೇಸಿನಲ್ಲಿಯೂ ಅದೇ ವಿಭಾಗವನ್ನು ಉಳಿಸಿಕೊಂಡು, ಪಠ್ಯವಾಗಿ ಸಾಗಿಸಲೇಬೇಕಾದ ಕಡೆ ವರ್ಷ-ತಿಂಗಳು-ದಿನದ ಐಎಸ್ಒ 8601 ರೂಪವನ್ನು ಬಳಸಿ, ಕ್ಷಣವಾದರೆ ಕೊನೆಯಲ್ಲಿ +05:30 ಸೇರಿಸಿದರೆ ಸಾಕು. ಆ ರೂಪದಲ್ಲಿ ಅಕ್ಷರಾನುಕ್ರಮವೇ ಕಾಲಾನುಕ್ರಮವೂ ಆಗಿರುತ್ತದೆ.

ಕನ್ನಡದಲ್ಲಿ ಮುದ್ರಿಸುವ ಕೆಲಸ ಈಗ ಹೆಚ್ಚು ಕಷ್ಟವಿಲ್ಲ. ಬ್ರೌಸರಿನ ಇಂಟ್ಲ್ ಸೌಲಭ್ಯಕ್ಕೆ ಕನ್ನಡದ ಲೊಕೇಲ್, ಅಂದರೆ ಭಾಷೆ ಮತ್ತು ಪ್ರದೇಶದ ಗುರುತು, ಕೊಟ್ಟರೆ ತಿಂಗಳು, ವಾರಗಳ ಹೆಸರು ಕನ್ನಡದಲ್ಲಿ ಬರುತ್ತವೆ, ಕೇಳಿಕೊಂಡರೆ ಅಂಕಿಗಳೂ ಬರುತ್ತವೆ. ಪೈಥಾನಿನಲ್ಲಿ ಸೆಟ್‌ಲೊಕೇಲ್ ಇಡೀ ಪ್ರೋಗ್ರಾಮಿಗೇ ಅನ್ವಯವಾಗುವುದರಿಂದ ಸರ್ವರಿನಲ್ಲಿ ಅದನ್ನು ಮುಟ್ಟದೆ ಬೇಬಲ್ ಗ್ರಂಥಾಲಯವನ್ನು ಬಳಸುವುದು ಒಳ್ಳೆಯದು. ಆದರೆ ಸಿದ್ಧ ಮಾದರಿಗಳನ್ನು ಕಣ್ಣುಮುಚ್ಚಿ ಒಪ್ಪಬಾರದು. ಕನ್ನಡದ ದೀರ್ಘ ಮಾದರಿ ‘ನವೆಂಬರ್ 5, 2025’ ಎಂದು ತಿಂಗಳನ್ನು ಮುಂದಿಡುತ್ತದೆ, ಚಿಕ್ಕ ಮಾದರಿ ‘5/11/25’ ಎಂದು ದಿನವನ್ನು ಮುಂದಿಡುತ್ತದೆ. ಒಂದೇ ಚೀಟಿಯಲ್ಲಿ ಇವೆರಡೂ ಬಂದರೆ ಓದುವವರಿಗೆ ಅನುಮಾನ ಹುಟ್ಟುವುದು ಸಹಜ. ಹಣದ ವ್ಯವಹಾರದ ಕಾಗದದಲ್ಲಿ ತಿಂಗಳನ್ನು ಅಕ್ಷರದಲ್ಲಿಯೂ ವರ್ಷವನ್ನು ನಾಲ್ಕು ಅಂಕಿಯಲ್ಲಿಯೂ ಬರೆಯುವುದೇ ಕ್ಷೇಮ.

ಹೊಸ ತಂತ್ರಾಂಶವನ್ನು ಇವತ್ತಿನ ತಾರೀಖಿನಲ್ಲಿ ಮುದ್ರಿಸಿ ನೋಡಿದರೆ ಪರೀಕ್ಷೆಯಾದಂತಲ್ಲ. ನಾನು ಯಂತ್ರಕ್ಕೆ ಕೊಡುವ ಸಮಯ 2025ರ ಡಿಸೆಂಬರ್ 29, ಮಧ್ಯರಾತ್ರಿ ಕಳೆದು 7 ನಿಮಿಷ 9 ಸೆಕೆಂಡು. ವಾರದ ವರ್ಷ ಹಾಕಿದ್ದರೆ 2026 ಕಾಣುತ್ತದೆ. ಯುಟಿಸಿಯಲ್ಲಿ ಮುದ್ರಣವಾದರೆ ತಾರೀಖು 28 ಆಗಿ ಸಮಯ 18:37 ಆಗುತ್ತದೆ. ನಿಮಿಷದ ಜಾಗದಲ್ಲಿ ತಿಂಗಳಿದ್ದರೆ 07ರ ಬದಲು 12 ಬರುತ್ತದೆ. ಗಂಟೆ ಹನ್ನೆರಡರ ಪದ್ಧತಿಯದಾಗಿದ್ದರೆ 00ರ ಬದಲು 12 ಬರುತ್ತದೆ. ಜಾವಾದಲ್ಲಿ ದಿನಕ್ಕೆ ಕ್ಯಾಪಿಟಲ್ ಡಿ ಬರೆದಿದ್ದರೆ ವರ್ಷದ ಆರಂಭದಿಂದ ಎಣಿಸಿದ 363 ಎಂಬ ಸಂಖ್ಯೆ ಬರುತ್ತದೆ. ಇದಕ್ಕೆ ಸಿಗದೆ ತಪ್ಪಿಸಿಕೊಳ್ಳುವುದು ದಿನ-ತಿಂಗಳು ಸದ್ದಿಲ್ಲದೆ ಅದಲುಬದಲಾಗುವ ದೋಷ, ಅದಕ್ಕೆ ಮೇ 4 ಬೇಕು. ಮೂರನೆಯದಾಗಿ 1955ರ ಜೂನ್ 1ರ ಜನ್ಮದಿನಾಂಕವೊಂದನ್ನು ಸೇರಿಸಿ, ಈ ಮೂರನ್ನೂ ಬ್ರೌಸರಿನಿಂದ ಸರ್ವರಿಗೆ ಕಳಿಸಿ, ಅಲ್ಲಿಂದ ಎಕ್ಸೆಲ್‌ಗೆ ಇಳಿಸಿ, ಉಳಿಸಿ ಮುಚ್ಚಿ, ಅದೇ ಕಡತವನ್ನು ಮತ್ತೆ ತಂತ್ರಾಂಶದೊಳಕ್ಕೆ ತಂದು ಹೋಲಿಸುತ್ತೇನೆ. ಹೊರಟದ್ದೇ ವಾಪಸ್ ಬಂದರೆ ಮಾತ್ರ ಚೀಟಿ ಮುದ್ರಿಸುವ ಪ್ರಿಂಟರಿನ ತಂತಿಯನ್ನು ಜೋಡಿಸುತ್ತೇನೆ.